ಸಿಂಕ್ ಕೆಳಗೆ ನೀರು ಹೆಂಗೆ ಬಂತು?

ನೀರು ತಾಗಿದ್ರೆ ಗ್ಯಾರಂಟಿ ಇಲ್ವಂತೆ. ಬೇರೆ ಯಾವುದಕ್ಕೂ ಅಲ್ಲ ಕಣ್ರೀ, ಅಡಿಗೆಮನೆಗೆ.

ಇದನ್ನ ನಮ್ಮ ಹೊಸ ಮಾಡ್ಯುಲರ್ ಕಿಚನ್ ಮಾಡಿಕೊಟ್ಟ ಶೋರೂಮಿನವರು ಸುಮ್ನೆ ಬಾಯ್ಮಾತಲ್ಲಿ ಹೇಳ್ಲಿಲ್ಲ, ಕಾರ್ಡ್ ತೋರ್ಸಿ ಹೇಳಿದ್ರು. ಹೊಳೆಯೋ ಕಾಗದದ ಕಾರ್ಡು, ಮುಂದುಗಡೆ ನಗ್ತಾ ನಿಂತಿರೋ ಒಬ್ಳು ಹೆಂಗಸು, ಅವಳ ಅಡಿಗೆಮನೇಲಿ ಒಂದು ಬಟ್ಟಲು ನಿಂಬೆಹಣ್ಣು ಬಿಟ್ರೆ ಬೇರೆ ಏನಂದ್ರೆ ಏನೂ ಇಲ್ಲ. ಒಗ್ಗರಣೆ ಡಬ್ಬಿ ಇಲ್ಲ, ಮುದ್ದೆ ಕೋಲಿಲ್ಲ, ಒದ್ದೆ ಮಸಿಬಟ್ಟೆ ಇಲ್ಲ, ಎಣ್ಣೆ ಜಿಡ್ಡು ಹತ್ತಿದ ಕಡಾಯಿ ಇಲ್ಲ. ಆ ಯಮ್ಮನಿಗೆ ಹತ್ತು ವರ್ಷ ಅಲ್ಲ ನೂರು ವರ್ಷ ಗ್ಯಾರಂಟಿ ಕೊಟ್ರೂ ಕಂಪನಿಗೇನೂ ನಷ್ಟ ಆಗಲ್ಲ ಬಿಡಿ. ಕಾರ್ಡ್ ಹಿಂದುಗಡೆ, ಕನ್ನಡಕ ಹಾಕ್ಕೊಂಡ್ರೂ ಕಾಣದಂಥ ಅಕ್ಷರದಲ್ಲಿ, ಯಾವ್ಯಾವುದಕ್ಕೆ ಗ್ಯಾರಂಟಿ ಬರಲ್ಲ ಅಂತ ಪಟ್ಟಿ. ನೀರು, ಉಗಿ, ಶಾಖ, ತೇವ, ಎಣ್ಣೆ ಕಲೆ, ಅರಿಶಿನದ ಕಲೆ, ಇಲಿ, ಇರುವೆ, ಬಿಸಿಲು, ಜಾಸ್ತಿ ಭಾರ, ಜೋರಾಗಿ ಹಾಕೋದು, ಜೋರಾಗಿ ಎಳೆಯೋದು, ಹೊರಗಿನವರ ಕೈ ತಾಗೋದು. ಇಷ್ಟನ್ನೂ ಓದಿ ಮುಗಿಸಿದ ಮೇಲೆ ನಂಗೆ ಅರ್ಥ ಆಗಿದ್ದು, ನಾವು ಅಡಿಗೆಮನೆಗೆ ಬೀಗ ಹಾಕಿ ದಿನಾ ಹೋಟ್ಲಿಂದ ತರಿಸ್ಕೊಂಡು ತಿಂತಾ ಇದ್ರೆ ಕಂಪನಿಯವರು ತುಂಬಾ ನಿಷ್ಠೆಯಿಂದ ಗ್ಯಾರಂಟಿ ನಡೆಸಿಕೊಡ್ತಾರೆ ಅಂತ.

ನಮ್ಮೂರು ಹಾಸನ. ಸಕಲೇಶಪುರದ ಕಡೆಯಷ್ಟು ಮಳೆ ನಮಗಿಲ್ಲ, ಆದ್ರೆ ಆಷಾಢದಲ್ಲಿ ಜಡಿ ಹಿಡೀತು ಅಂದ್ರೆ ಬಟ್ಟೆ ಒಣಗಲ್ಲ, ಹಪ್ಪಳ ಮೆತ್ತಗಾಗುತ್ತೆ, ಉಪ್ಪು ನೀರೊಡೆಯುತ್ತೆ, ಬೆಂಕಿಕಡ್ಡಿ ಗೀರಿದ್ರೆ ಮದ್ದೆಲ್ಲ ಉದುರಿ ಬರೀ ಕಡ್ಡಿ ಕೈಯಲ್ಲಿರುತ್ತೆ. ಇಂಥ ಊರಿನ ಬಿ.ಎಂ. ರೋಡಲ್ಲಿ ಕೂತ್ಕೊಂಡು "ತೇವಾಂಶಕ್ಕೆ ಗ್ಯಾರಂಟಿ ಅನ್ವಯಿಸುವುದಿಲ್ಲ" ಅನ್ನೋ ಕಾರ್ಡ್ ಹಂಚೋಕೂ ಒಂದು ಧೈರ್ಯ ಬೇಕು.

ಆಗಿರೋದು ಇಷ್ಟೇ. ಸಿಂಕ್ ಕೆಳಗಿನ ಬಾಗಿಲು, ಅದರ ಕೆಳಗಿನ ಅಂಚು, ಹಾಲಲ್ಲಿ ಅದ್ದಿದ ರಸ್ಕಿನ ಥರ ಊದ್ಕೊಂಡಿದೆ. ಅಂಚಿಗೆ ಅಂಟಿಸಿದ್ದ ಪಟ್ಟಿ, ಅದಕ್ಕೆ ಎಡ್ಜ್ ಬ್ಯಾಂಡ್ ಅಂತಾರಂತೆ, ಒಂದು ತುದಿ ಬಿಟ್ಕೊಂಡು ನೇತಾಡ್ತಿದೆ. ಬಾಗಿಲು ಪಕ್ಕದ ಬಾಗಿಲಿಗೆ ಉಜ್ಜುತ್ತೆ. ಉಜ್ಜಿದ್ದನ್ನ ಎಳೆದೂ ಎಳೆದೂ ಮೇಲಿನ ಹಿಂಜು ಸ್ಕ್ರೂ ಸಮೇತ ಹೊರಗೆ ಬಂದು ಬಾಗಿಲು ಒಂಟಿ ಕಾಲಲ್ಲಿ ನಿಂತಿದೆ. ಮನೆಗೆ ಬಂದವರೆಲ್ಲ ನೀರು ಕುಡಿಯೋಕೆ ಅಂತ ಒಳಗೆ ಹೋಗಿ, "ಅಯ್ಯೋ, ಹೊಸದಲ್ವಾ ಇದು?" ಅಂತ ಕೇಳ್ಕೊಂಡೇ ಹೊರಗೆ ಬರ್ತಾರೆ. ನೀರು ಕುಡಿದ್ರೋ ಇಲ್ವೋ ಗೊತ್ತಿಲ್ಲ.

ಮಾರುವಾಗ ಹಿಂಗಿರ್ಲಿಲ್ಲ. ಶೋರೂಮಲ್ಲಿ ಒಬ್ಬ ಹುಡುಗ ಇದ್ದ, ಟೈ ಕಟ್ಟಿದ್ದ, ಅವನಿಗೆ ಏನು ಕೇಳಿದ್ರೂ ಬೆರಳು ಮಡಚಿ ಪ್ಲೈವುಡ್ ಮೇಲೆ ಟಕ್ ಟಕ್ ಅಂತ ಕುಟ್ಟಿ "ಸೌಂಡ್ ಕೇಳಿ ಮೇಡಂ" ಅನ್ನೋ ಅಭ್ಯಾಸ. ರೇಟ್ ಕೇಳಿದ್ರೂ ಸೌಂಡು, ಡೆಲಿವರಿ ಯಾವಾಗ ಅಂದ್ರೂ ಸೌಂಡು. ನಮ್ಮನೆಯವ್ರು ಪಾಪ, ಅವರೂ ಒಂದ್ಸಲ ಕುಟ್ಟಿ, ಏನೋ ತಿಳಿದವರ ಥರ ತಲೆ ಆಡಿಸಿದ್ರು. ಪ್ಲೈಗೆ 15 ವರ್ಷ, ಹಿಂಜಿಗೆ ಲೈಫ್‌ಟೈಮ್, ಡ್ರಾಯರ್ ಜಾರೋ ಟ್ಯಾಂಡಮ್ ಚಾನೆಲ್ಲಿಗೆ ಲೈಫ್‌ಟೈಮ್, ಚಿಮಣಿ ಮೋಟಾರಿಗೆ ಲೈಫ್‌ಟೈಮ್, ಬಾಸ್ಕೆಟ್ಟಿಗೆ 5 ವರ್ಷ. ಒಂದೇ ಉಸಿರಲ್ಲಿ ಹೇಳಿ, ಕೊನೇಲಿ ಒಂದು ಚಟಾಕಿ ಬೇರೆ, "ಸರ್ಕಾರದ್ದು ಐದೇ ಗ್ಯಾರಂಟಿ ಮೇಡಂ, ನಮ್ದು ಅದಕ್ಕಿಂತ ಜಾಸ್ತಿ" ಅಂತ. 2023ರಿಂದ ಈ ರಾಜ್ಯದಲ್ಲಿ ಗ್ಯಾರಂಟಿ ಅನ್ನೋ ಮಾತು ಬಂದ ಕಡೆಯೆಲ್ಲ ಈ ಜೋಕು ಬಂದೇ ಬರುತ್ತೆ, ತಪ್ಪಿಸ್ಕೊಳ್ಳೋಕಾಗಲ್ಲ. ನಮ್ಮತ್ತೆ ಮಾತ್ರ ನಗ್ಲಿಲ್ಲ.

"ಸರ್ಕಾರದ್ದು ಎರಡು ಸಾವಿರ, ತಡ ಆದ್ರೂ ಬ್ಯಾಂಕಿಗೆ ಬೀಳ್ತದೆ. ನಿಂದು ಎಲ್ಲಿಗೆ ಬೀಳ್ತದಪ್ಪ?"

ಹುಡುಗ ಪ್ಲೈ ಕುಟ್ಟಿದ.

"ಅದಿರ್ಲಿ ಮಗ, ಈ ಹದಿನೈದು ವರ್ಷ ನೀನು ಇಲ್ಲೇ ಇರ್ತೀಯಾ?" ಅಂದ್ರು ಅತ್ತೆ. ಅವನು "ಎಲ್ಲಿಗೂ ಹೋಗಲ್ಲ ಅಜ್ಜಿ" ಅಂದ. ಯುಗಾದಿಗೆ ಈ ಮಾತು ಹೇಳಿದೋನು ಗೌರಿ ಹಬ್ಬದ ಹೊತ್ತಿಗೆ ಬೈಕ್ ಶೋರೂಮಲ್ಲಿ ನಿಂತಿದ್ದ. ನಾನೇ ನೋಡಿದೆ. ಅಲ್ಲಿ ಪೆಟ್ರೋಲ್ ಟ್ಯಾಂಕ್ ಕುಟ್ಟಿ ಸೌಂಡ್ ಕೇಳಿಸ್ತಿದ್ನೋ ಏನೋ.

ಇನ್ನೊಂದು ಅಲ್ಲೇ ಆಯ್ತು, ಇದನ್ನ ಹೇಳ್ಲೇಬೇಕು. ಓನರ್ರು ನಮ್ಮನೆಯವ್ರನ್ನ ಪಕ್ಕಕ್ಕೆ ಕರ್ದು, "ಬಿಲ್ ಬೇಡ ಅಂದ್ರೆ ಹೇಳಿ ಸಾರ್, ಜಿಎಸ್‌ಟಿ 18 ಪರ್ಸೆಂಟ್ ಸುಮ್ನೆ ಯಾಕೆ" ಅಂತ ಮೆತ್ತಗೆ ಅಂದ್ರು. ಇವ್ರ ಮುಖದಲ್ಲಿ ಒಂದು ಕಾಂತಿ ಬಂತು. ಅತ್ತೆ ಕಿವಿ ಮಂದ ಅಂತ ಮನೇಲಿ ಎಲ್ಲರ ನಂಬಿಕೆ, ಆದ್ರೆ ದುಡ್ಡಿನ ವಿಷಯಕ್ಕೆ ಆ ಕಿವಿ ಎಷ್ಟು ದೂರದ್ದನ್ನ ಬೇಕಾದ್ರೂ ಎತ್ಕೊಳುತ್ತೆ. "ಬಿಲ್ಲಿಲ್ದೆ ಒಂದು ಸೇರು ಕಡ್ಲೇಬೀಜನೂ ತರಬ್ಯಾಡ" ಅಂದೋರೇ, ಬಿಲ್ಲು ನನ್ನ ಹೆಸರಿಗೇ ಬರೀರಿ, ಫೋನ್ ನಂಬರೂ ನಂದೇ ಹಾಕ್ರಿ ಅಂತ ಕೂತ್ಕೊಂಡು ಬರೆಸಿದ್ರು. ದುಡ್ಡಿನಲ್ಲಿ ಅರ್ಧ ಅವರ ತೋಟದ ಕಾಫಿ ಮಾರಿದ್ದು, ಹಾಗಾಗಿ ಯಾರೂ ಕೆಮ್ಮಲಿಲ್ಲ. ಆ ಬಿಲ್ಲು ಈಗ ದೇವರ ಮನೆಯಲ್ಲಿ ಹಾಸನಾಂಬೆ ಫೋಟೋ ಹಿಂದೆ ಇದೆ.

ಈಗ ಬಾಗಿಲಿನ ವಿಷಯಕ್ಕೆ ಬರ್ತೀನಿ. ನಮ್ಮ ಕೊಟೇಶನ್ನಲ್ಲಿ ದೊಡ್ಡದಾಗಿ "ಬಿಡಬ್ಲ್ಯೂಪಿ ಪ್ಲೈ, ಐಎಸ್ 710" ಅಂತಿದೆ. ಹಂಗಂದ್ರೆ ಕುದಿಯೋ ನೀರಿಗೂ ಜಗ್ಗದ ಪ್ಲೈ, ಮರೈನ್ ಪ್ಲೈ ಅಂತಾರಲ್ಲ ಅದು. ಅದರ ತುಂಡನ್ನ 72 ಗಂಟೆ ಕುದಿಯೋ ನೀರಲ್ಲಿ ಹಾಕಿ, ಪದರ ಬಿಡ್ತಾ ಇಲ್ವಾ ಅಂತ ನೋಡಿ ಸರ್ಟಿಫಿಕೇಟ್ ಕೊಡ್ತಾರೆ. ಮೂರು ಹಗಲು ಮೂರು ರಾತ್ರಿ! ಅಷ್ಟು ಬೇಯಿಸಿದ್ರೆ ನಮ್ಮನೆ ಹುರುಳಿಕಾಳೇ ಕರಗಿ ಹೋಗಿರುತ್ತೆ, ಇದು ಜಗ್ಗಲ್ಲ. ಹಾಳೆ ಮೇಲೆ ಐಎಸ್‌ಐ ಗುರುತು, ಅದರ ಕೆಳಗೆ ಸಿಎಂ/ಎಲ್ ಅಂತ ಶುರುವಾಗೋ ಲೈಸೆನ್ಸ್ ನಂಬರ್ ಇರುತ್ತೆ, ಬಿಐಎಸ್ ಕೇರ್ ಆ್ಯಪಲ್ಲಿ ಹೊಡೆದ್ರೆ ನಿಜಾನಾ ಸುಳ್ಳಾ ಗೊತ್ತಾಗುತ್ತೆ. ನಮ್ಮನೆಯವ್ರು ನೆಲದ ಮೇಲೆ ಅಂಗಾತ ಮಲಗಿ, ಕ್ಯಾಬಿನೆಟ್ ಒಳಗೆ ತಲೆ ಹಾಕಿ, ಮೊಬೈಲ್ ಟಾರ್ಚ್ ಬಿಟ್ಟು ಆ ನಂಬರ್ ಹುಡುಕಿ, ಆ್ಯಪಲ್ಲಿ ಹೊಡೆದು, "ನಿಜ ಕಣೇ, ಒರಿಜಿನಲ್ಲು!" ಅಂತ ಒಳಗಿಂದಾನೇ ಕೂಗಿದ್ರು. ಅಷ್ಟರಲ್ಲಿ ಬಾಗಿಲು ಅವರ ಮೊಣಕಾಲ ಮೇಲೆ ಬಿತ್ತು.

ಅಲ್ಲೇ ಇರೋದು ಮಜಾ. ಒರಿಜಿನಲ್ಲು ಪೆಟ್ಟಿಗೆ. ಅವರ ಭಾಷೇಲಿ ಕಾರ್ಕಸ್ಸು. ಬಾಗಿಲು ಪ್ಲೈಯೇ ಅಲ್ಲ, ಎಂಡಿಎಫ್ಫು. ಮರದ ನಾರು ಪುಡಿ ಮಾಡಿ ಅಂಟು ಹಾಕಿ ಒತ್ತಿ ಮಾಡಿದ ಹಲಗೆ. ಮೇಲುಗಡೆ ಹೊಳಪು ಚೆನ್ನಾಗಿ ಕೂರುತ್ತೆ ಅಂತ ಬಾಗಿಲಿಗೆ ಅದನ್ನ ಹಾಕ್ತಾರಂತೆ, ಒಳಗೆ ನೀರು ಇಳೀತು ಅಂದ್ರೆ ಊದುತ್ತೆ, ಒಣಗಿದ ಮೇಲೂ ಹಿಂದಕ್ಕೆ ಹೋಗಲ್ಲ. ನೀರಿಗೆ ಜಗ್ಗದ ಮರ ಒಳಗೆ ಬೆಚ್ಚಗಿದೆ, ನೀರಿಗೆ ಊದೋ ಮರ ಹೊರಗೆ ಸಿಂಕಿನ ಕೆಳಗೆ ಕಾವಲು ನಿಂತಿದೆ. ಈ ಬುದ್ಧಿ ಯಾರ್ದೋ.

ಮತ್ತೆ ಆ ಪ್ಲೈನ ಹದಿನೈದು ವರ್ಷ ಇದೆಯಲ್ಲ, ಅದೂ ಶೋರೂಮಿನವರು ಕೊಟ್ಟಿದ್ದಲ್ಲ. ಪ್ಲೈ ಕಂಪನಿ ಕೊಡೋದು, ಗೆದ್ದಲು, ಹುಳ ಹಿಡಿದ್ರೆ ಅಥವಾ ಪದರ ಬಿಟ್ರೆ. ಅದನ್ನ ಕೇಳೋಕೆ ಪ್ಲೈ ತಗೊಂಡ ಬಿಲ್ ಬೇಕು, ಆ ಬಿಲ್ ಶೋರೂಮಿನವರ ಹೆಸರಲ್ಲಿದೆ, ಅವರು ಕೊಡಲ್ಲ. ಕೊಟ್ರೂ ಕಂಪನಿ ಕೊಡೋದು ಎಂಟಡಿ ನಾಲ್ಕಡಿ ಹಾಳೆ. ತಗೊಂಡು ಏನ್ ಮಾಡೋದು? ಗ್ರಾನೈಟ್ ಕಿತ್ತು, ಪೆಟ್ಟಿಗೆ ಬಿಚ್ಚಿ, ಕುಯ್ದು, ಮತ್ತೆ ಜೋಡ್ಸೋ ಕೂಲಿ ಯಾರ ಅಪ್ಪ ಕೊಡ್ತಾನೆ? ಮಂಚದ ಮೇಲೆ ಹಾಸ್ಕೊಂಡು ಮಲ್ಕೋಬಹುದು, ಅಷ್ಟೇ. ಹಿಂಜು ಒಬ್ಬರದ್ದು, ಚಾನೆಲ್ ಇನ್ನೊಬ್ಬರದ್ದು, ಚಿಮಣಿ ಮತ್ತೊಬ್ಬರದ್ದು, ಒಬ್ಬೊಬ್ಬರದ್ದೂ ಬೇರೆ ಬೇರೆ ಕಾರ್ಡು. ಎಲ್ಲಾ ಸಾಮಾನಿಗೂ ಗ್ಯಾರಂಟಿ ಇದೆ, ಸಾಮಾನು ಸಾಮಾನು ಸೇರ್ಸಿ ಮಾಡಿದ ಕೆಲಸಕ್ಕೆ ಮಾತ್ರ ಯಾರೂ ದಿಕ್ಕಿಲ್ಲ. ನಂಗೆ ಹೊಟ್ಟೆ ಉರಿಯೋದು ಇಲ್ಲೇ.

ಚಿಮಣಿ ಬಗ್ಗೆ ಜಾಸ್ತಿ ಹೇಳಲ್ಲ. ಮೋಟಾರಿಗೆ ಲೈಫ್‌ಟೈಮ್, ಮೋಟಾರನ್ನ ಶುರು ಮಾಡೋ ಸ್ವಿಚ್ಚಿಗೆ ಒಂದೇ ವರ್ಷ. ಹಾಬಿನ, ಅಂದ್ರೆ ಹೊಸ ಸ್ಟವ್ವಿನ, ಗಾಜು ಒಡೆದ್ರೆ ಏನೂ ಇಲ್ಲ. ಅದು ಗೊತ್ತಾದ ದಿನದಿಂದ ಅತ್ತೆ ಹಳೇ ಸ್ಟವ್ ಹಿತ್ತಲಲ್ಲಿ ಇಟ್ಕೊಂಡು ಮುದ್ದೆ ತಿರುವೋದು ಅಲ್ಲೇ. ಅಷ್ಟು ದುಡ್ಡು ಸುರಿದ ಅಡಿಗೆಮನೇಲಿ ಟೀ ಆಗುತ್ತೆ, ಊಟ ಹಿತ್ತಲಲ್ಲಿ ಆಗುತ್ತೆ. ಹಾಸನದಲ್ಲಿ ಇಂಥ ಮನೆ ನಮ್ಮದೊಂದೇ ಅಲ್ಲ ಅಂತ ನಂಗೊತ್ತು, ಸುಮ್ನೆ ಒಪ್ಕೊಳಿ.

ಕಂಪ್ಲೇಂಟ್ ಕೊಟ್ಟಾಗ ಸರ್ವೀಸ್ ಹುಡುಗ ಬೆಂಗಳೂರಿಂದ ಬರ್ಬೇಕು ಅಂದ್ರು. ಬೆಳಿಗ್ಗೆ ಫೋನ್ ಮಾಡಿದ್ರೆ "ನೆಲಮಂಗಲ ದಾಟಿದ್ದಾರೆ ಮೇಡಂ". ಮಧ್ಯಾಹ್ನಕ್ಕೆ ಕುಣಿಗಲ್. ಆಮೇಲೆ ಬೆಳ್ಳೂರು ಕ್ರಾಸ್. ಸಾಯಂಕಾಲಕ್ಕೆ ಚನ್ನರಾಯಪಟ್ಟಣ. ಚನ್ನರಾಯಪಟ್ಟಣಕ್ಕೆ ಬಂದ ಮೇಲೆ ಆ ಹುಡುಗನಿಗೆ ಏನಾಗುತ್ತೋ ದೇವರಿಗೇ ಗೊತ್ತು, ಅಲ್ಲಿಂದ ಈಚೆ ಬರೋದೇ ಇಲ್ಲ. ಮಾರನೇ ದಿನ ಮತ್ತೆ ನೆಲಮಂಗಲದಿಂದ ಶುರು. ಹಾಸನಾಂಬೆ ಗುಡೀಲಿ ಸೊಸೆ ಕಲ್ಲು ಅಂತ ಒಂದಿದೆ, ಅದು ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ದೇವಿ ಕಡೆಗೆ ಸರಿಯುತ್ತೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತೆ ಅಂತಾರೆ. ಆ ಕಲ್ಲೇ ಮೊದಲು ತಲುಪುತ್ತೆ ಅಂತ ನಮ್ಮನೆಯವ್ರ ಲೆಕ್ಕ. ಅತ್ತೆಗೆ ಮಾತ್ರ ದೇವಿ ವಿಷಯದಲ್ಲಿ ತಮಾಷೆ ಆಗ್ಬಾರ್ದು. "ವರ್ಷಕ್ಕೊಂದ್ಸಲ ಬಾಗ್ಲು ತೆಗೀತಾರೆ, ಹಚ್ಚಿದ ದೀಪ ಹಂಗೇ ಇರ್ತದೆ, ಇಟ್ಟ ಅನ್ನ ಹಳಸಿರಲ್ಲ. ಆಯಮ್ಮ ಯಾವತ್ತಾದ್ರೂ ಕಾರ್ಡ್ ಕೊಟ್ಟವ್ಳಾ?" ಅಂದ್ರು.

ಕೊನೆಗೊಂದು ದಿನ ಹುಡುಗ ಬಂದ. ನಿಜವಾಗ್ಲೂ ಬಂದ. ಬ್ಯಾಗು, ಡ್ರಿಲ್ಲು, ಕಂಪನಿ ಟೀಶರ್ಟು. ಒಳ್ಳೇ ಹುಡುಗನೇ, ಚಪ್ಪಲಿ ಹೊರಗೆ ಬಿಟ್ಟು ಬಂದ. ಸಿಂಕ್ ಮುಂದೆ ಕುಕ್ಕುರುಗಾಲಲ್ಲಿ ಕೂತು, ಬಾಗಿಲಿನ ಅಂಚನ್ನ ಬೆರಳಲ್ಲಿ ಸವರಿ, ಬೆರಳು ನೋಡ್ಕೊಂಡು, ಮತ್ತೆ ಸವರಿ, ತಲೆ ಎತ್ತಿ ಬಹಳ ಗಂಭೀರವಾಗಿ ಹೇಳ್ದ:

"ಅಕ್ಕ, ಇಲ್ಲಿ ನೀರು ಬಿದ್ದಿದೆ."

ನಾನು ಹೌದಪ್ಪ ಅಂದೆ.

"ಹೆಂಗೆ ಬಿತ್ತು?"

"ಸಿಂಕ್ ಅಲ್ವೇನಪ್ಪ ಇದು?"

"ಸಿಂಕ್ ಅಂತ ಗೊತ್ತಕ್ಕ. ಸಿಂಕ್ ಒಳಗೆ ನೀರು ಬೀಳ್ಬೇಕು. ಹೊರಗೆ ಹೆಂಗೆ ಬಂತು?"

ಇದಕ್ಕೆ ಏನು ಉತ್ತರ ಹೇಳೋದು ನೀವೇ ಹೇಳಿ. ಪಾತ್ರೆ ತೊಳೆಯುವಾಗ ಚಿಮ್ಮುತ್ತಪ್ಪ, ಕೈ ತೊಳೆದು ನಲ್ಲಿ ನಿಲ್ಸುವಾಗ ಮೊಣಕೈಯಿಂದ ತೊಟ್ಟಿಕ್ಕುತ್ತೆ, ಕುಕ್ಕರ್ ಎತ್ತುವಾಗ ತಳದಿಂದ ಸೋರುತ್ತೆ ಅಂತೆಲ್ಲ ವಿವರಿಸಿದೆ. ಅವನು ಮೊಬೈಲಲ್ಲಿ ಬರ್ಕೊಂಡ. ಮಹಜರು ಜೋರಾಗಿ ನಡೀತು. "ದಿನಕ್ಕೆ ಎಷ್ಟು ಸಲ ಪಾತ್ರೆ ತೊಳೀತೀರಾ?" "ತೊಳೆದ ತಕ್ಷಣ ಬಾಗಿಲು ಒರೆಸ್ತೀರಾ?" "ಒಣ ಬಟ್ಟೇಲಾ ಒದ್ದೆ ಬಟ್ಟೇಲಾ?" "ಮಸಿಬಟ್ಟೆ ಈ ಬಾಗಿಲ ಮೇಲೆ ಒಣಗಾಕಿದ್ರಾ?" ಅಂದಾಗ ನಾನು ಸುಮ್ನಾದೆ. ಯಾಕಂದ್ರೆ ಅವತ್ತೂ ಅದು ಅಲ್ಲೇ ನೇತಾಡ್ತಿತ್ತು, ಅವನ ಮೂಗಿನಿಂದ ಒಂದು ಗೇಣು ದೂರದಲ್ಲಿ. ಕರ್ನಾಟಕದ ಯಾವ ಮನೇಲಿ ಮಸಿಬಟ್ಟೆ ಸಿಂಕಿನ ಬಾಗಿಲ ಮೇಲೆ ಇರಲ್ಲ? ಅವನು ಅದರ ಫೋಟೋ ತೆಗೆದ. ಮುಂದಿನಿಂದ ಒಂದು, ಪಕ್ಕದಿಂದ ಒಂದು. ಆ ಹರಕು ಬಟ್ಟೆಗೆ ಅದರ ಜನ್ಮದಲ್ಲಿ ಅಷ್ಟು ಮರ್ಯಾದೆ ಸಿಕ್ಕಿರ್ಲಿಲ್ಲ.

"ಅಡಿಗೆ ದಿನಾ ಮಾಡ್ತೀರಾ ಅಕ್ಕ?"

ಹಿತ್ತಲಿಂದ ಬರ್ತಿದ್ದ ಅತ್ತೆ ಇದನ್ನ ಕೇಳಿಸ್ಕೊಂಡು ಹೊಸಿಲಲ್ಲೇ ನಿಂತ್ರು. "ಇಲ್ಲ ಮಗ. ಏಕಾದಶಿಗೆ ಬಿಡ್ತೀವಿ. ಬರ್ಕೋ."

ಅವನು ಬರ್ಕೊಂಡ. ಸುಳ್ಳು ಹೇಳ್ತಿಲ್ಲ, ನಿಜವಾಗ್ಲೂ ಬರ್ಕೊಂಡ.

ಆಮೇಲೆ ಹಿಂಜಿಗೆ ಬಂದ. ಹಿಂಜು ಪಕ್ಕಾ ಇದೆ, ಏನೂ ಆಗಿಲ್ಲ, ಲೈಫ್‌ಟೈಮ್ ಅಂದ್ರೆ ಲೈಫ್‌ಟೈಮೇ. ಸ್ಕ್ರೂನೂ ಪಕ್ಕಾ. ಹಾಳಾಗಿರೋದು ತೂತು. ಬಾಗಿಲು ಉಜ್ಜಿ ಉಜ್ಜಿ ಹಲಗೇಲಿ ಸ್ಕ್ರೂ ಕೂರೋ ತೂತು ದೊಡ್ಡದಾಗಿ, ಸ್ಕ್ರೂ ಹಾಕಿದ್ರೆ ಸುಮ್ನೆ ಸುತ್ತುತ್ತೆ, ಹಿಡಿಯಲ್ಲ. "ತೂತಿಗೆ ಗ್ಯಾರಂಟಿ ಬರಲ್ಲ ಅಕ್ಕ" ಅಂದ. ಅದೂ ಸರಿನೇ ಅಲ್ವಾ, ತೂತು ಅಂದ್ರೆ ಅಲ್ಲಿ ಏನೂ ಇಲ್ಲ ಅಂತ ತಾನೇ. ಏನೂ ಇಲ್ಲದ್ದಕ್ಕೆ ಯಾವ ಕಂಪನಿ ಗ್ಯಾರಂಟಿ ಕೊಡುತ್ತೆ.

ಸ್ವಲ್ಪ ಹೊತ್ತು ತಲೆ ಕೆರ್ಕೊಂಡು, ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ ಕೇಳ್ದ: "ಅಕ್ಕ, ಬೆಂಕಿಪೊಟ್ಟಣ ಇದೆಯಾ?"

ಲೈಟರ್ ಬಂದ ಮೇಲೆ ನಮ್ಮನೇಲಿ ಬೆಂಕಿಪೊಟ್ಟಣ ಇರೋದು ದೇವರ ಮನೇಲಿ ಮಾತ್ರ. ಅತ್ತೆ ತಂದು ಕೊಟ್ರು. ಅವನು ಕಡ್ಡಿ ತೆಗೆದು, ಮದ್ದಿನ ತಲೆ ಉಗುರಲ್ಲಿ ಚಿವುಟಿ ಹಾಕಿ, ಕಡ್ಡಿಗಳನ್ನ ಒಟ್ಟಿಗೆ ಹಿಡಿದು ಫೆವಿಕಾಲಲ್ಲಿ ಅದ್ದಿ, ತೂತಿಗೆ ತುರುಕಿ, ಉಳಿದ ಬಾಲ ಮುರಿದು, ಅದರ ಮಧ್ಯಕ್ಕೆ ಸ್ಕ್ರೂ ತಿರುಗಿಸ್ದ. ಕಿರ್ ಕಿರ್ ಅಂತ ಹಿಡೀತು ನೋಡಿ! ಬಾಗಿಲು ನೆಟ್ಟಗೆ ನಿಂತಿತು. ವಿದೇಶಿ ಹೆಸರಿನ, ಮೆತ್ತಗೆ ತಾನೇ ಮುಚ್ಕೊಳ್ಳೋ, ಲೈಫ್‌ಟೈಮ್ ಹಿಂಜು, ಎರಡು ರೂಪಾಯಿ ಪೊಟ್ಟಣದ ನಾಲ್ಕು ಕಡ್ಡಿ ಮೇಲೆ ನಿಂತಿದೆ. "ಇದನ್ನ ಕಂಪನಿಗೆ ಹೇಳ್ಬೇಡಿ ಅಕ್ಕ, ನಮ್ಮ ತಾತ ಹೇಳ್ಕೊಟ್ಟಿದ್ದು, ಅವರು ಮರಗೆಲಸದೋರು" ಅಂದ. ಅವತ್ತು ನಮ್ಮನೇಲಿ ಆದ ಒಂದೇ ಒಂದು ರಿಪೇರಿ ಅದು, ಕಾರ್ಡಲ್ಲಿ ಅದಕ್ಕೊಂದು ಸಾಲಿಲ್ಲ.

ಅವನು ತಾತ ಅಂದಿದ್ದಕ್ಕೋ ಏನೋ ನಂಗೆ ತವರುಮನೆ ಬೀರು ನೆನಪಾಯ್ತು. ಅರಕಲಗೂಡು ಕಡೆ ನಮ್ಮೂರು. ಅಡಿಗೆಮನೇಲಿ ಹಲಸಿನ ಮರದ ಬೀರು, ಮಾಡಿದೋರು ಊರಿನ ಆಚಾರ್ರು. ಮಳೆಗಾಲದಲ್ಲಿ ಅದೂ ಊದ್ತಿತ್ತು, ಮರ ಅಂದ್ಮೇಲೆ ಊದಲೇಬೇಕು. ಬಾಗಿಲು ಕಚ್ಕೊಂಡು ಬರದೇ ಇದ್ದಾಗ ಅಪ್ಪ ಸಂತೇಲೋ ಮದುವೆ ಮನೇಲೋ ಸಿಕ್ಕಾಗ ಒಂದು ಮಾತು ಹೇಳೋರು. ಆಚಾರ್ರು ಆ ದಾರೀಲಿ ಹೋಗುವಾಗ ಸೈಕಲ್ ನಿಲ್ಸಿ, ಉಜ್ಜುಗೊರಡು ತಗೊಂಡು ಒಳಗೆ ಬಂದು, ಅಂಚಿಗೆ ಎರಡು ಸಲ ಎಳೆದು, ತೆಗೆದು ಮುಚ್ಚಿ ನೋಡಿ, ಅಮ್ಮ ಕೊಟ್ಟ ಕಾಫಿ ನಿಂತ್ಕೊಂಡೇ ಕುಡಿದು ಹೋಗೋರು. ನೆಲದ ಮೇಲೆ ಬಿದ್ದ ಸುರುಳಿ ಸುರುಳಿ ಮರದ ಹೊಟ್ಟು ನಾವು ಮಕ್ಕಳು ಕಿವಿಗೆ ಲೋಲಾಕ್ ಮಾಡ್ಕೋತಿದ್ವಿ. ಹಲಸಿನ ಮರದ್ದು ಹಳದಿ ಬಣ್ಣ, ಚಿನ್ನದ್ದು ಅಂತಲೇ ಲೆಕ್ಕ. ಆ ಬೀರು ಈಗ ಎಲ್ಲಿದೆ ಗೊತ್ತಾ? ನಮ್ಮಣ್ಣ ಮಾಡ್ಯುಲರ್ ಕಿಚನ್ ಮಾಡ್ಸುವಾಗ ಗುಜರಿಯವನಿಗೆ ಕೊಟ್ಟ. ಅವನ ಸಿಂಕ್ ಕೆಳಗಿನ ಬಾಗಿಲೂ ಊದಿದೆ. ಮೊನ್ನೆ ಫೋನಲ್ಲಿ ಇಬ್ರೂ ಅದನ್ನೇ ಮಾತಾಡಿದ್ವಿ.

ಇರಲಿ. ಹುಡುಗ ಹೋದ ಮೇಲೆ ಅತ್ತೆ ಫೋನಿಗೆ ಒಂದು ಮೆಸೇಜ್ ಬಂತು. ಗ್ರಾಹಕರು ನೀರು ಬಳಸಿರುವುದರಿಂದ ಕ್ಲೈಮ್ ತಿರಸ್ಕರಿಸಲಾಗಿದೆ ಅನ್ನೋ ಅರ್ಥದ್ದು, ಇಂಗ್ಲಿಷಲ್ಲಿ. ಮಗಳು ಓದಿ ಹೇಳಿದ್ಲು. ಅತ್ತೆ ಏನೂ ಮಾತಾಡ್ಲಿಲ್ಲ, ಮೈದುನನಿಗೆ ಫೋನ್ ಹಾಕು ಅಂದ್ರು. ಮೈದುನ ವಕೀಲ. ಮನೆಗೆ ಬಂದ್ರೆ ಅವನು ಊಟ ಮಾಡ್ಕೊಂಡೇ ವಾದ ಮಾಡೋದು, ಬಸ್ಸಾರು ಬಡಿಸಿದ ಹಾಗೆಲ್ಲ ಸೆಕ್ಷನ್ ಬರುತ್ತೆ. "ನೋಡಿ ಅತ್ತಿಗೆ, 2019ರ ಗ್ರಾಹಕ ರಕ್ಷಣಾ ಕಾಯ್ದೆ. ಮೊದಲ ಥರ ಅಂಗಡಿ ಇರೋ ಊರಿಗೇ ಹೋಗ್ಬೇಕು ಅಂತಿಲ್ಲ, ಕಂಪನಿ ಬೆಂಗಳೂರಲ್ಲಿದ್ರೂ ನೀವು ಇಲ್ಲೇ ಹಾಸನದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಹಾಕ್ಬಹುದು. ಕೊಟ್ಟಿರೋ ದುಡ್ಡು 5 ಲಕ್ಷದ ಒಳಗಿದ್ರೆ ಫೀಸೇ ಇಲ್ಲ. ತೊಂದ್ರೆ ಆದ ದಿನದಿಂದ ಎರಡು ವರ್ಷದ ಒಳಗೆ ಹಾಕ್ಬೇಕು ಅಷ್ಟೇ. ವಕೀಲರೇ ಬೇಕು ಅಂತನೂ ಇಲ್ಲ" ಅಂದ, ಅಂದ್ಮೇಲೆ ತಾನೇ ವಕೀಲ ಅನ್ನೋದು ನೆನಪಾಗಿ ಸ್ವಲ್ಪ ಸಾರು ಹಾಕಿಸ್ಕೊಂಡ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ಅಂದ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡ್ತಾರೆ. "ಬಿಲ್ ಕೊಡದೇ ಇರೋದೂ ಆ ಕಾಯ್ದೆ ಪ್ರಕಾರ ಅನುಚಿತ ವ್ಯಾಪಾರನೇ. ಬಿಲ್ ಇದೆ ತಾನೇ?" ಅಂದಾಗ ಅತ್ತೆ ಎದ್ದು ದೇವರ ಮನೆಗೆ ಹೋದ್ರು. ನಮ್ಮನೆಯವ್ರು ತಟ್ಟೆ ನೋಡ್ಕೊಂಡು ಊಟ ಮಾಡಿದ್ರು.

1915ಕ್ಕೆ ಮಾಡಿದ್ದಕ್ಕೋ, ಅಲ್ಲಿ ಕೊಟ್ಟ ದೂರಿನ ನಂಬರನ್ನ ಮೈದುನ ಶೋರೂಮಿನವರಿಗೆ ವಾಟ್ಸಾಪ್ ಮಾಡಿದ್ದಕ್ಕೋ, ಓನರ್ರು ಖುದ್ದಾಗಿ ಫೋನ್ ಮಾಡಿ "ಅಮ್ಮ, ನೀವು ನಮ್ಮ ಫ್ಯಾಮಿಲಿ ಥರ" ಅಂದ್ರು. ಫ್ಯಾಮಿಲಿಯವ್ರು ಹೊಸ ಬಾಗಿಲು ಕಳಿಸ್ತಾರಂತೆ. ಹೊಸ ಬಾಗಿಲಿಗೆ ಹೊಸ ಗ್ಯಾರಂಟಿ ಇಲ್ಲ, ಹಳೇದರಲ್ಲಿ ಎಷ್ಟು ಉಳಿದಿದೆಯೋ ಅಷ್ಟು ಮಾತ್ರ, ಅದನ್ನೂ ಫ್ಯಾಮಿಲಿಯವ್ರೇ ಹೇಳಿದ್ರು.

ಬಾಗಿಲು ಬಂತು. ಅದೇ ಹುಡುಗ ತಂದ. ಚನ್ನರಾಯಪಟ್ಟಣದಲ್ಲಿ ನಿಲ್ಲದೇ ಬಂದ. ಹಾಕಿ ನಿಲ್ಸಿದ ಮೇಲೆ ನೋಡಿದ್ರೆ ಉಳಿದ ಬಾಗಿಲುಗಳೆಲ್ಲ ಕೆನೆ ಬಿಳಿ, ಇದೊಂದು ಟ್ಯೂಬ್‌ಲೈಟ್ ಬಿಳಿ.

"ಬ್ಯಾಚ್ ಬೇರೆ ಅಕ್ಕ" ಅಂದ. "ಎರಡು ಮೂರು ವರ್ಷ ಬಿಡಿ, ಒಗ್ಗರಣೆ ಹೊಗೆಗೆ ಎಲ್ಲಾ ಒಂದೇ ಕಲರಿಗೆ ಬರುತ್ತೆ."

"ಗ್ಯಾರಂಟೀನಾ?" ಅಂದ್ರು ಅತ್ತೆ.

"ಕಲರಿಗೆ ಗ್ಯಾರಂಟಿ ಬರಲ್ಲ ಅಜ್ಜಿ."

ಕೆಲಸ ಮುಗೀತು, ಬ್ಯಾಗ್ ಹೆಗಲಿಗೆ ಹಾಕ್ಕೊಂಡ, ಕಾಫಿ ಕುಡಿದ. "ಅಜ್ಜಿ, ನಿಮ್ಮ ಫೋನಿಗೆ ಒಂದು ಓಟಿಪಿ ಬಂದಿದೆ, ಹೇಳ್ಬಿಟ್ರೆ ಕಂಪ್ಲೇಂಟ್ ಕ್ಲೋಸ್ ಮಾಡ್ಕೊಂಡು ಹೊರಡ್ತೀನಿ" ಅಂದ. ಅತ್ತೆ ಫೋನ್ ತೆಗೆದು ನೋಡಿದ್ರು, ಸೆರಗಿನೊಳಗೆ ಇಟ್ಕೊಂಡ್ರು.

"ಓಟಿಪಿ ಯಾರಿಗೂ ಹೇಳಬಾರ್ದು ಅಂತ ಬ್ಯಾಂಕಿನೋರು ಹೇಳವ್ರೆ."

"ಅಜ್ಜಿ, ಅದು ಬ್ಯಾಂಕಿಂದಲ್ಲ, ನಮ್ದು..."

"ಯಾರ್ದಾದ್ರೂ ಆಗ್ಲಿ ಮಗ."

ನಾನು ಹೇಳ್ದೆ, ಮಗಳು ಹೇಳಿದ್ಲು, ನಮ್ಮನೆಯವ್ರು ಹೇಳಿದ್ರು. ಜಪ್ಪಯ್ಯ ಅನ್ನಲಿಲ್ಲ. ಹುಡುಗ ಬೆವರು ಒರೆಸ್ಕೊಂಡು ಹೋದ. ಈಗ ದಿನಾ ಅವರೇ ಫೋನ್ ಮಾಡ್ತಾರೆ, ಮೊದಲು ಹುಡುಗ, ಆಮೇಲೆ ಶೋರೂಮು, ನಿನ್ನೆ ಬೆಂಗಳೂರಿಂದ ಯಾರೋ ಮ್ಯಾನೇಜರ್ರು, ಬಾಗಿಲು ಹೇಗಿದೆ ಅಮ್ಮ, ಏನಾದ್ರೂ ತೊಂದ್ರೆ ಇದೆಯಾ ಅಮ್ಮ, ಆ ನಂಬರ್ ಒಂದು ಹೇಳ್ತೀರಾ ಅಮ್ಮ ಅಂತ. ಅತ್ತೆ ಎಲ್ರಿಗೂ ಒಂದೇ ಮಾತು ಹೇಳಿದ್ದಾರೆ: ಇನ್ನೊಂದು ಮಳೆಗಾಲ ಕಳೀಲಿ, ಆಮೇಲೆ ನೋಡುವ.